ತೋಟದಲ್ಲೊಂದು ತಂತಿ, ಆಕಾಶದಲ್ಲೊಂದು ದಾರಿ

ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ, ನಗರದವರ ಹವ್ಯಾಸ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಅದಕ್ಕೆ ಬೇಕಾದ ಜಾಗ, ಎತ್ತರ, ನಿಶ್ಶಬ್ದ ಮೂರೂ ಇರುವುದು ಮೈಸೂರು ಜಿಲ್ಲೆಯ ಸಾಲಿಗ್ರಾಮ, ಹುಣಸೂರು, ಪಿರಿಯಾಪಟ್ಟಣದಂಥ ಊರುಗಳಲ್ಲಿ. ಹ್ಯಾಮ್‌ಗಳ ಪರಿಭಾಷೆ ಮತ್ತು ಆಂಟೆನಾ ಕಟ್ಟುವ ಮೊದಲ ಪಾಠ ಇಲ್ಲಿದೆ.

ಸಾಲಿಗ್ರಾಮದ ಸುತ್ತಮುತ್ತ ಯಾವ ತೆಂಗಿನ ತೋಟಕ್ಕೆ ಹೋದರೂ ಇಪ್ಪತ್ತೈದು ಮೀಟರ್ ಅಂತರದಲ್ಲಿ ನಿಂತ ಎರಡು ಮರ ಸಿಗುತ್ತವೆ. ಅವುಗಳ ನಡುವೆ ತಾಮ್ರದ ತಂತಿ ಎಳೆದು, ಸರಿಯಾಗಿ ಮಧ್ಯಕ್ಕೆ ಕತ್ತರಿಸಿ, ಅಲ್ಲಿಂದ ಒಂದು ಕೇಬಲ್ಲನ್ನು ಮನೆಯೊಳಕ್ಕೆ ತಂದು ರೇಡಿಯೊಗೆ ಜೋಡಿಸಿದರೆ ಬೆಳಗಿನ ಹೊತ್ತಿನಲ್ಲಿ ಬೆಂಗಳೂರು, ಮಂಗಳೂರು, ಧಾರವಾಡ, ಕೊಯಮತ್ತೂರಿನವರ ಜೊತೆ ನೇರವಾಗಿ ಮಾತಾಡಬಹುದು. ನಡುವೆ ಮೊಬೈಲ್ ಟವರ್ ಬೇಡ, ಇಂಟರ್‌ನೆಟ್ ಬೇಡ, ತಿಂಗಳ ರೀಚಾರ್ಜ್ ಬೇಡ. ಒಂದು ಕಾರ್ ಬ್ಯಾಟರಿ ಇದ್ದರೆ ಕರೆಂಟ್ ಹೋದರೂ ಮಾತು ನಿಲ್ಲುವುದಿಲ್ಲ.

ಇಂಥ ಅನುಕೂಲ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಸುಲಭವಾಗಿ ಸಿಗುವುದಿಲ್ಲ. ಅಲ್ಲಿ ತಾರಸಿಯ ಮೇಲೆ ಒಂದು ಕಂಬ ನಿಲ್ಲಿಸಲೂ ಅಕ್ಕಪಕ್ಕದವರ ಒಪ್ಪಿಗೆ ಬೇಕು. ತಂತಿ ಕಟ್ಟಿದ ಮೇಲೂ ನೂರಾರು ಮನೆಗಳ ಎಲ್‌ಇಡಿ ದೀಪ, ಚಾರ್ಜರ್, ಇನ್ವರ್ಟರ್‌ಗಳ ಗದ್ದಲದಲ್ಲಿ ದೂರದ ದನಿ ಮುಳುಗಿಹೋಗುತ್ತದೆ. ಕಾವೇರಿ ದಂಡೆಯ ಈ ಭತ್ತದ ಸೀಮೆಯಲ್ಲಿ ಜಾಗವೂ ಇದೆ, ಮರಗಳ ಎತ್ತರವೂ ಇದೆ. ಆದರೂ ಈ ಹವ್ಯಾಸ ನಮ್ಮ ಹಳ್ಳಿಗಳಲ್ಲಿ ಬೇರು ಬಿಟ್ಟಿಲ್ಲ. ಮೊದಲ ಪಾಠವನ್ನು ಕನ್ನಡದಲ್ಲಿ ಹೇಳಿಕೊಡುವವರು ಕಡಿಮೆ ಎಂಬುದೇ ಅದಕ್ಕೆ ದೊಡ್ಡ ಕಾರಣ.

ಮೇಷ್ಟರ ಮನೆಯಿಂದ ಉಪಗ್ರಹದವರೆಗೆ

ಮೈಸೂರು ಸೀಮೆಗೆ ರೇಡಿಯೊ ಹವ್ಯಾಸ ಹೊಸದೇನಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಸ್ವಂತ ಪ್ರಸಾರ ಆರಂಭಿಸಿದರು. ಆಗ ಅವರ ಬಳಿ ಇದ್ದದ್ದು 30 ವಾಟ್‌ನ ಟ್ರಾನ್ಸ್‌ಮಿಟರ್. ಇಂದು ಸಾಮಾನ್ಯ ಹ್ಯಾಮ್ ಒಬ್ಬರ ಮೇಜಿನ ಮೇಲಿರುವ 100 ವಾಟ್‌ನ ಸೆಟ್ಟಿಗೆ ಹೋಲಿಸಿದರೆ ಅದು ಸುಮಾರು ಮೂರನೇ ಒಂದು ಪಾಲು. ಆ ಕೇಂದ್ರಕ್ಕೆ ಇಟ್ಟಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಆ ಕೇಂದ್ರವನ್ನು ವಹಿಸಿಕೊಂಡಿತು. ಕಾಲೇಜು ಮೇಷ್ಟರೊಬ್ಬರ ಕುತೂಹಲ ಒಂದು ಸಾರ್ವಜನಿಕ ಸಂಸ್ಥೆಯಾಗಿ ಬೆಳೆದದ್ದು ನಮ್ಮ ಜಿಲ್ಲೆಯಲ್ಲೇ.

ಪ್ರಸಾರ ಬೇರೆ, ಹವ್ಯಾಸಿ ರೇಡಿಯೊ ಬೇರೆ. ಪ್ರಸಾರದಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಹವ್ಯಾಸಿ ರೇಡಿಯೊದಲ್ಲಿ ಇಬ್ಬರೂ ಹೇಳುತ್ತಾರೆ, ಇಬ್ಬರೂ ಕೇಳುತ್ತಾರೆ. ಹಾಡು ಹಾಕುವಂತಿಲ್ಲ, ವ್ಯಾಪಾರದ ಮಾತು ಆಡುವಂತಿಲ್ಲ, ಗುಟ್ಟಿನ ಸಂಕೇತದಲ್ಲಿ ಮಾತು ಮುಚ್ಚಿಡುವಂತಿಲ್ಲ. ಯಾರು ಬೇಕಾದರೂ ಕೇಳಬಹುದಾದ ಮಾತನ್ನಷ್ಟೇ ಆಡಬೇಕು.

ಭಾರತದಲ್ಲಿ ಈ ಹವ್ಯಾಸಕ್ಕೆ ನೂರು ವರ್ಷ ದಾಟಿದೆ. 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ದೇಶದ ಮೊದಲ ಹ್ಯಾಮ್ ಎನಿಸಿದರು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಎಲ್ಲ ಹವ್ಯಾಸಿಗಳ ಲೈಸೆನ್ಸ್ ರದ್ದು ಮಾಡಿ ಸೆಟ್ಟುಗಳನ್ನು ಒಪ್ಪಿಸಲು ಹೇಳಿತು. ಸ್ವಾತಂತ್ರ್ಯದ ಮರುವರ್ಷವೇ, 1948ರಲ್ಲಿ, ಮಧ್ಯಪ್ರದೇಶದ ಮಹೂವಿನಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ 1959ರಿಂದ ಇದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಪರೀಕ್ಷೆಗೆ ಕೂರುವವರಿಗೆ ತರಬೇತಿ ಕೊಡುತ್ತ ಬಂದಿದೆ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ಹವ್ಯಾಸಿ ರೇಡಿಯೊ ನಡೆಸಲೆಂದೇ ಅಂಡಮಾನಿಗೆ ಹೋಗಿದ್ದರು. ವಿಯು4ಆರ್‌ಬಿಐ ಎಂಬ ಕಾಲ್‌ಸೈನ್‌ನಿಂದ, ಅಂದರೆ ಸ್ಟೇಷನ್ನಿನ ಗುರುತಿನ ಹೆಸರಿನಿಂದ, ಜಗತ್ತಿನ ಹ್ಯಾಮ್‌ಗಳೊಂದಿಗೆ ಮಾತಾಡುತ್ತಿದ್ದಾಗಲೇ ಡಿಸೆಂಬರ್ 26ರ ಸುನಾಮಿ ಅಪ್ಪಳಿಸಿತು. ಫೋನುಗಳು ಸತ್ತಾಗ ಅದೇ ತಂತಿ, ಅದೇ ಸೆಟ್ಟು ದ್ವೀಪದವರ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದವು. ಮರುವರ್ಷ, 2005ರ ಮೇ 5ರಂದು, ಇಸ್ರೊ ಹವ್ಯಾಸಿಗಳಿಗಾಗಿಯೇ ‘ಹ್ಯಾಮ್‌ಸ್ಯಾಟ್’ ಎಂಬ ಉಪಗ್ರಹವನ್ನು ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹಾರಿಸಿತು. ತೂಕ 42.5 ಕೆ.ಜಿ. 2014ರ ಜುಲೈನಲ್ಲಿ ಅದರ ಬ್ಯಾಟರಿ ಕೈಕೊಡುವವರೆಗೆ ಒಂಬತ್ತು ವರ್ಷ ಅದು ಜಗತ್ತಿನ ಹವ್ಯಾಸಿಗಳ ಮಾತನ್ನು ಆಚೆಯಿಂದೀಚೆ ದಾಟಿಸಿತು.

ಹ್ಯಾಮ್‌ಗಳ ಮಾತು

ಬೆಳಗ್ಗೆ ಏಳರ ಹೊತ್ತಿಗೆ 40 ಮೀಟರ್ ಬ್ಯಾಂಡಿಗೆ, ಅಂದರೆ 7.0ರಿಂದ 7.2 ಮೆಗಾಹರ್ಟ್ಸ್ ನಡುವೆ ಕಿವಿಗೊಟ್ಟರೆ ಇಂಥದೊಂದು ಮಾತು ಕೇಳಿಬರಬಹುದು: “ಗುಡ್ ಮಾರ್ನಿಂಗ್ ಓಎಂ. ನಿಮ್ಮ ಸಿಗ್ನಲ್ ಇಲ್ಲಿ ಫೈವ್ ನೈನ್ ಬರ್ತಾ ಇದೆ, ಸ್ವಲ್ಪ ಕ್ಯುಎಸ್‌ಬಿ ಇದೆ. ನಮ್ಮ ಕ್ಯುಟಿಎಚ್ ಸಾಲಿಗ್ರಾಮ. ಆಂಟೆನಾ ಇನ್ವರ್ಟೆಡ್ ವಿ. ಪಕ್ಕದಲ್ಲಿ ಕ್ಯುಆರ್‌ಎಂ ಜಾಸ್ತಿಯಾಯ್ತು, ಐದು ಕಿಲೋಹರ್ಟ್ಸ್ ಮೇಲಕ್ಕೆ ಕ್ಯುಎಸ್‌ವೈ ಮಾಡೋಣ್ವಾ?”

ಮೊದಲ ಸಲ ಕೇಳಿದವರಿಗೆ ಇದು ತಲೆಬುಡ ತಿಳಿಯದ ಮಾತು. ಬಿಡಿಸಿದರೆ ಬಹಳ ಸರಳ. ‘ಕ್ಯು’ನಿಂದ ಶುರುವಾಗುವ ಮೂರಕ್ಷರದ ಸಂಕೇತಗಳು 1909ರಲ್ಲಿ ಬ್ರಿಟನ್ನಿನಲ್ಲಿ, ಹಡಗು ಮತ್ತು ಕರಾವಳಿ ಕೇಂದ್ರಗಳ ತಂತಿರಹಿತ ಸಂದೇಶಕ್ಕೆಂದು ಸಿದ್ಧವಾದವು. ಮೋರ್ಸ್ ಕೀಲಿಯಲ್ಲಿ ಉದ್ದ ವಾಕ್ಯ ಕುಟ್ಟುವುದಕ್ಕಿಂತ ಮೂರಕ್ಷರ ಕುಟ್ಟುವುದು ಸುಲಭ, ಯಾವ ಭಾಷೆಯವರಿಗೂ ಅರ್ಥ ಒಂದೇ. ಈಗ ಮೈಕ್ ಹಿಡಿದು ಮಾತಾಡುವವರೂ ಅದನ್ನೇ ಬಳಸುತ್ತಾರೆ.

ಕ್ಯುಟಿಎಚ್ ಅಂದರೆ ಇರುವ ಊರು. ಕ್ಯುಎಸ್‌ಒ ಅಂದರೆ ಇಬ್ಬರ ನಡುವಿನ ಒಂದು ಸಂಪರ್ಕ. ಕ್ಯುಎಸ್‌ಎಲ್ ಅಂದರೆ ನಿಮ್ಮ ಮಾತು ಪೂರ್ತಿ ಮುಟ್ಟಿತು ಎಂಬ ಖಾತ್ರಿ. ಅದನ್ನು ಬರೆದು ಅಂಚೆಯಲ್ಲಿ ಕಳಿಸುವ ಕಾರ್ಡಿಗೂ ಅದೇ ಹೆಸರು. ಕ್ಯುಎಸ್‌ಬಿ ಅಂದರೆ ದನಿ ಏರಿಳಿಯುತ್ತಿದೆ. ಕ್ಯುಎಸ್‌ವೈ ಅಂದರೆ ಬೇರೆ ಫ್ರೀಕ್ವೆನ್ಸಿಗೆ ಹೋಗುವುದು. ಕ್ಯುಆರ್‌ಎಕ್ಸ್ ಅಂದರೆ ಸ್ವಲ್ಪ ತಾಳಿ. ಕ್ಯುಆರ್‌ಟಿ ಅಂದರೆ ಸೆಟ್ ಬಂದ್ ಮಾಡುತ್ತಿದ್ದೇನೆ. ಕ್ಯುಆರ್‌ಪಿ ಅಂದರೆ 5 ವಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಮಾತಾಡುವುದು. ಮನೆಯ 9 ವಾಟ್ ಎಲ್‌ಇಡಿ ಬಲ್ಬಿಗಿಂತ ಕಡಿಮೆ ಶಕ್ತಿಯಲ್ಲಿ ಸಮುದ್ರದಾಚೆಯ ದೇಶವನ್ನು ಮುಟ್ಟುವುದಕ್ಕೇ ಜೀವನವಿಡೀ ಮೀಸಲಿಟ್ಟವರು ಈ ಲೋಕದಲ್ಲಿದ್ದಾರೆ.

‘ಫೈವ್ ನೈನ್’ ಎಂಬುದು ಅಂಕಪಟ್ಟಿ. ಮೊದಲ ಅಂಕಿ ಮಾತು ಎಷ್ಟು ಸ್ಪಷ್ಟ ಎಂಬುದಕ್ಕೆ, 1ರಿಂದ 5. ಎರಡನೆಯದು ಸಿಗ್ನಲ್ ಎಷ್ಟು ಜೋರು ಎಂಬುದಕ್ಕೆ, 1ರಿಂದ 9. ಮೋರ್ಸ್‌ನಲ್ಲಾದರೆ ನಾದದ ಶುದ್ಧಿಗೆ ಮೂರನೆಯ ಅಂಕಿ ಸೇರುತ್ತದೆ. ‘ಸಿಕ್ಯು’ ಎಂದರೆ ಯಾರಾದರೂ ಮಾತಿಗೆ ಬನ್ನಿ ಎಂಬ ಕರೆ. ‘ಡಿಎಕ್ಸ್’ ಅಂದರೆ ದೂರದ ಸ್ಟೇಷನ್. ‘ಓಎಂ’ ಎಂದು ಗಂಡಸರನ್ನು, ‘ವೈಎಲ್’ ಎಂದು ಹೆಂಗಸರನ್ನು ಕರೆಯುತ್ತಾರೆ. ಸೆಟ್ಟಿಗೆ ‘ರಿಗ್’, ಅದನ್ನಿಟ್ಟ ಕೋಣೆಗೆ ‘ಶ್ಯಾಕ್’. ಕೈಯಾರೆ ಕಟ್ಟಿದ್ದೆಲ್ಲ ‘ಹೋಮ್‌ಬ್ರೂ’. ಮಾತು ಮುಗಿಸುವಾಗ ‘ಸೆವೆಂಟಿ ಥ್ರೀ’ ಎನ್ನುತ್ತಾರೆ, ಶುಭ ಹಾರೈಕೆ ಎಂದರ್ಥ. ಇದು ಹತ್ತೊಂಬತ್ತನೇ ಶತಮಾನದ ಅಮೆರಿಕದ ತಂತಿ ಆಪರೇಟರುಗಳಿಂದ ಬಂದ ಅಂಕಿ. ತೀರಿಕೊಂಡ ಹ್ಯಾಮ್ ಅನ್ನು ‘ಸೈಲೆಂಟ್ ಕೀ’ ಎಂದು ನೆನೆಯುತ್ತಾರೆ.

ಗದ್ದಲಕ್ಕೂ ಎರಡು ಬೇರೆ ಹೆಸರುಗಳಿವೆ. ನಿಸರ್ಗದ ಗದ್ದಲ ಕ್ಯುಆರ್‌ಎನ್, ಮನುಷ್ಯ ಮಾಡಿದ್ದು ಕ್ಯುಆರ್‌ಎಂ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ 40 ಮೀಟರ್ ಬ್ಯಾಂಡಿನ ತುಂಬ ಚಟಪಟ ಕೇಳಿಸುವುದು ಕ್ಯುಆರ್‌ಎನ್. ನೂರಾರು ಕಿಲೋಮೀಟರ್ ಆಚೆಗಿನ ಮಿಂಚು ಕೂಡ ಅಲ್ಲಿ ಸದ್ದು ಮಾಡುತ್ತದೆ. ಕ್ಯುಆರ್‌ಎಂಗೆ ಒಳ್ಳೆಯ ಉದಾಹರಣೆ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹೊಲಗಳಲ್ಲಿದೆ. ಆನೆ, ಹಂದಿ ಬಾರದಿರಲೆಂದು ಹಾಕುವ ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಮ್ಮೆ ಅಧಿಕ ವೋಲ್ಟೇಜಿನ ಹೊಡೆತ ಬಿಡುತ್ತದೆ. ಹುಲ್ಲು, ಬಳ್ಳಿ ತಾಗಿ ಕಿಡಿ ಹಾರುವ ಬೇಲಿಯಾದರೆ ಹತ್ತಿರದ ರೇಡಿಯೊದಲ್ಲಿ ಟಿಕ್, ಟಿಕ್ ಎಂದು ಗಡಿಯಾರದಂತೆ ಕೇಳಿಸುತ್ತದೆ. ಬ್ಯಾಟರಿ ರೇಡಿಯೊ ಹಿಡಿದು ಬೇಲಿಯುದ್ದಕ್ಕೂ ನಡೆದರೆ ಎಲ್ಲಿ ಸದ್ದು ಜೋರೋ ಅಲ್ಲೇ ಬೇಲಿ ಸೋರುತ್ತಿದೆ. ಅಲ್ಲಿಯ ಗಿಡ ಸವರಿದರೆ ರೇಡಿಯೊಗೂ ಒಳ್ಳೆಯದು, ಬೇಲಿಗೂ ಒಳ್ಳೆಯದು.

ಹೆಸರು, ಊರುಗಳನ್ನು ಅಕ್ಷರ ಬಿಡಿಸಿ ಹೇಳುವುದಕ್ಕೂ ಒಂದು ಪದ್ಧತಿ ಉಂಟು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಪದ. ಸಾಲಿಗ್ರಾಮವನ್ನು ಸಿಯೆರಾ, ಆಲ್ಫಾ, ಲಿಮಾ, ಇಂಡಿಯಾ, ಗಾಲ್ಫ್, ರೋಮಿಯೊ, ಆಲ್ಫಾ, ಮೈಕ್, ಆಲ್ಫಾ ಎಂದು ಹೇಳಬೇಕು. ಹೀಗೆ ಹೇಳಿದ ಮೇಲೂ ಇದು ಮೈಸೂರು ಜಿಲ್ಲೆಯ ಸಾಲಿಗ್ರಾಮವೋ ಉಡುಪಿ ಜಿಲ್ಲೆಯ ಸಾಲಿಗ್ರಾಮವೋ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಹ್ಯಾಮ್‌ಗಳು ‘ಗ್ರಿಡ್ ಲೊಕೇಟರ್’ ಹೇಳುತ್ತಾರೆ. ಇಡೀ ಭೂಮಿಯನ್ನು ಅಕ್ಷಾಂಶ, ರೇಖಾಂಶಗಳ ಲೆಕ್ಕದಲ್ಲಿ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ ಒಂದು ಹೆಸರಿಟ್ಟಿದ್ದಾರೆ. ನಮ್ಮ ಸಾಲಿಗ್ರಾಮವೂ ಮೈಸೂರು ನಗರವೂ ಎಂಕೆ82 ಚೌಕದಲ್ಲಿವೆ, ಉಡುಪಿಯ ಸಾಲಿಗ್ರಾಮ ಎಂಕೆ73ರಲ್ಲಿದೆ. ಗೊಂದಲಕ್ಕೆ ಎಡೆಯೇ ಇಲ್ಲ.

ಪದಗಳಿಗಿಂತ ಮುಖ್ಯವಾದದ್ದು ನಡವಳಿಕೆ. ಮೊದಲು ಕೇಳು, ಆಮೇಲೆ ಮಾತಾಡು ಎಂಬುದು ಇಲ್ಲಿನ ಮೊದಲ ನಿಯಮ. ಖಾಲಿ ಎನಿಸಿದ ಫ್ರೀಕ್ವೆನ್ಸಿಯಲ್ಲೂ ಯಾರಾದರೂ ಇದ್ದಾರೆಯೇ ಎಂದು ಕೇಳಿಯೇ ಕರೆ ಕೊಡಬೇಕು. ಒಬ್ಬರ ಮಾತು ಮುಗಿದ ತಕ್ಷಣ ಇನ್ನೊಬ್ಬರು ಗುಂಡಿ ಒತ್ತಬಾರದು, ಒಂದೆರಡು ಸೆಕೆಂಡು ಬಿಡಬೇಕು. ತುರ್ತು ಇರುವವರು ‘ಬ್ರೇಕ್’ ಎಂದು ನಡುವೆ ಬರಲು ಆ ಬಿಡುವು. ಬ್ರೇಕ್ ಕೇಳಿಸಿದರೆ ಎಂಥ ಸ್ವಾರಸ್ಯದ ಮಾತಾದರೂ ನಿಲ್ಲಿಸಿ ದಾರಿ ಕೊಡಬೇಕು.

ತಂತಿಯ ಲೆಕ್ಕ

ಸಾವಿರಾರು ರೂಪಾಯಿ ಸುರಿದು ಕೊಂಡ ರಿಗ್ ಕೂಡ ಆಂಟೆನಾ ಸರಿಯಿಲ್ಲದಿದ್ದರೆ ಮೂಗ. ಆಂಟೆನಾ ಸರಿಯಿದ್ದರೆ ಐದು ವಾಟ್‌ನ ಸೆಟ್ಟೂ ದೇಶ ದಾಟುತ್ತದೆ. ಅಷ್ಟು ಮುಖ್ಯವಾದ ಭಾಗವೇ ಎಲ್ಲಕ್ಕಿಂತ ಅಗ್ಗದ್ದು, ಮನೆಯಲ್ಲೇ ಕಟ್ಟಬಹುದಾದದ್ದು.

ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಮೈಸೂರು ಆಕಾಶವಾಣಿಯ ಎಫ್‌ಎಂ 100.6 ಮೆಗಾಹರ್ಟ್ಸ್. ಅಲೆಯ ಉದ್ದ ಮೂರು ಮೀಟರಿಗೆ ಹತ್ತಿರ, ಅದರ ಕಾಲು ಭಾಗ ಮುಕ್ಕಾಲು ಮೀಟರ್. ಟ್ರಾನ್ಸಿಸ್ಟರಿನ ಹಿಂದಿನ ಉಕ್ಕಿನ ಕಡ್ಡಿಯನ್ನು ಪೂರ್ತಿ ಎಳೆದಾಗ ಎಫ್‌ಎಂ ಚೆನ್ನಾಗಿ ಬರುವುದು ಈ ಕಾರಣಕ್ಕೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್, ಅಲೆಯ ಉದ್ದ ಸುಮಾರು 490 ಮೀಟರ್. ಅಷ್ಟುದ್ದದ ಅಲೆಗೆ ಕಡ್ಡಿ ಸಾಲದು, ಅದಕ್ಕೇ ಟ್ರಾನ್ಸಿಸ್ಟರಿನ ಒಳಗೆ ತಂತಿ ಸುತ್ತಿದ ಫೆರೈಟ್ ಕೋಲು ಇರುತ್ತದೆ.

ಹವ್ಯಾಸಿಗಳ ಮೊದಲ ಆಂಟೆನಾ ಡೈಪೋಲ್. ಅರ್ಧ ಅಲೆಯುದ್ದದ ತಂತಿಯನ್ನು ಮಧ್ಯಕ್ಕೆ ಕತ್ತರಿಸಿ ಎರಡು ತೋಳು ಮಾಡುವುದು, ಅಷ್ಟೆ. ತಂತಿಯ ತುದಿಗಳ ಪರಿಣಾಮದಿಂದ ನಿಜವಾದ ಉದ್ದ ಲೆಕ್ಕಕ್ಕಿಂತ ಶೇ 5ರಷ್ಟು ಕಡಿಮೆ ಸಾಕು. ಹಾಗಾಗಿ 150ರ ಬದಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸುತ್ತಾರೆ. 7.1 ಮೆಗಾಹರ್ಟ್ಸ್‌ಗೆ 143 ಭಾಗಿಸು 7.1, ಅಂದರೆ 20.14 ಮೀಟರ್. ಒಂದೊಂದು ತೋಳು 10.07 ಮೀಟರ್. ಅಡಿಯಲ್ಲಿ ಹೇಳಿದರೆ ಒಟ್ಟು 66, ತೋಳಿಗೆ 33. ಇಪ್ಪತ್ತು ಮೀಟರ್ ಬ್ಯಾಂಡಿನ 14.2 ಮೆಗಾಹರ್ಟ್ಸ್‌ಗೆ ಇದರ ಸರಿ ಅರ್ಧ.

ಕಟ್ಟುವ ಕೆಲಸ

ಸಾಮಾನೆಲ್ಲ ಕೆ.ಆರ್. ನಗರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವಂಥದ್ದೇ. ಮನೆ ವೈರಿಂಗಿಗೆ ಬಳಸುವ 2.5 ಚದರ ಮಿ.ಮೀ. ತಾಮ್ರದ ವೈರ್ 22 ಮೀಟರ್. ತುದಿಗಳಿಗೆ ಇನ್ಸುಲೇಟರ್ ಆಗಿ ಗೇಣುದ್ದದ ಪಿವಿಸಿ ಪೈಪಿನ ಎರಡು ತುಂಡು, ಮಧ್ಯಕ್ಕೆ ಇನ್ನೊಂದು. ಕಟ್ಟಲು ನೈಲಾನ್ ಹಗ್ಗ. ಮಧ್ಯದಿಂದ ಮನೆಗೆ 50 ಓಮ್‌ನ ಕೋಆಕ್ಸಿಯಲ್ ಕೇಬಲ್. ಡಿಶ್ ಟಿವಿಯ ಕೇಬಲ್ 75 ಓಮ್‌ನದ್ದು, ತೀರಾ ಅನಿವಾರ್ಯವಾದರೆ ಶಾರ್ಟ್‌ವೇವ್ ಡೈಪೋಲಿಗೆ ಅದೂ ನಡೆಯುತ್ತದೆ. ಕೇಬಲ್ಲಿನ ನಡುತಂತಿಯನ್ನು ಒಂದು ತೋಳಿಗೂ ಹೊರಜಾಲರಿಯನ್ನು ಇನ್ನೊಂದು ತೋಳಿಗೂ ಬೆಸುಗೆ ಹಾಕಬೇಕು. ಬೆಸುಗೆ ಹಾಕಿದ ಜಾಗಕ್ಕೆ ಮಳೆನೀರು ಇಳಿಯದಂತೆ ಟೇಪ್ ಸುತ್ತಬೇಕು. ಜಾಲರಿಯೊಳಗೆ ನೀರು ಹೊಕ್ಕ ಕೇಬಲ್ ಒಂದೇ ಮಳೆಗಾಲದಲ್ಲಿ ಕೆಡುತ್ತದೆ. ಕೇಬಲ್ಲಿನ ಹೊರಮೈಯಲ್ಲಿ ಕರೆಂಟ್ ಹರಿಯದಂತೆ ನಡುವೆ ‘ಬಾಲನ್’ ಹಾಕುವುದು ಒಳ್ಳೆಯದು.

ಎರಡು ಮರ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದೇ ಎತ್ತರದ ಕಂಬಕ್ಕೆ ಮಧ್ಯಭಾಗ ಕಟ್ಟಿ ಎರಡು ತೋಳನ್ನು ಇಳಿಜಾರಾಗಿ ಎರಡು ಕಡೆಗೆ ಎಳೆದರೆ ಇನ್ವರ್ಟೆಡ್ ವಿ. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗಬಾರದು. ನೆಟ್ಟಗೆ ಎಳೆದ ಡೈಪೋಲಿನ ಪ್ರತಿರೋಧ ಸುಮಾರು 73 ಓಮ್, ತೋಳು ಬಾಗಿಸಿದರೆ ಅದು 50ರ ಹತ್ತಿರಕ್ಕೆ ಇಳಿದು ಕೇಬಲ್ಲಿಗೆ ಹೊಂದುತ್ತದೆ. ತೆಂಗಿಗೆ ಕಟ್ಟುವವರು ಇನ್ನೊಂದು ವಿಷಯ ಗಮನಿಸಬೇಕು. ಗಾಳಿಗೆ ಮರ ಓಲಾಡುತ್ತದೆ, ಬಿಗಿಯಾಗಿ ಕಟ್ಟಿದ ತಂತಿ ಮೊದಲ ಬಿರುಗಾಳಿಗೇ ಹರಿಯುತ್ತದೆ. ಒಂದು ತುದಿಯ ಹಗ್ಗವನ್ನು ಚಿಕ್ಕ ರಾಟೆಯ ಮೇಲೆ ಹಾಯಿಸಿ ಕೆಳಗೆ ಇಟ್ಟಿಗೆಯನ್ನೋ ಕಲ್ಲನ್ನೋ ತೂಗುಬಿಟ್ಟರೆ ಮರ ಆಡಿದಷ್ಟೂ ಕಲ್ಲು ಏರಿಳಿದು ತಂತಿ ಉಳಿಯುತ್ತದೆ.

ಉದ್ದವನ್ನು ಯಾವಾಗಲೂ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಂಡು ಆಮೇಲೆ ಕತ್ತರಿಸುತ್ತ ಬರಬೇಕು. ಕತ್ತರಿಸಿದ್ದನ್ನು ಮತ್ತೆ ಜೋಡಿಸುವುದು ರಗಳೆ. ಎಷ್ಟು ಕತ್ತರಿಸಬೇಕೆಂದು ಹೇಳುವುದು ಎಸ್‌ಡಬ್ಲ್ಯುಆರ್ ಮೀಟರ್. ನಾಲೆಯ ನೀರು ಅರ್ಧ ಮುಚ್ಚಿದ ತೂಬಿಗೆ ಬಡಿದು ಹಿಂದಕ್ಕೆ ಉಕ್ಕುವ ಹಾಗೆ, ಕೇಬಲ್ಲಿಗೂ ಆಂಟೆನಾಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ರಿಗ್ ಕಳಿಸಿದ ಶಕ್ತಿಯ ಒಂದು ಪಾಲು ವಾಪಸು ಬರುತ್ತದೆ. ಎಸ್‌ಡಬ್ಲ್ಯುಆರ್ 1.5 ಇದ್ದರೆ ಶೇ 4ರಷ್ಟು, 2 ಇದ್ದರೆ ಶೇ 11ರಷ್ಟು, 3 ಇದ್ದರೆ ಶೇ 25ರಷ್ಟು ಹಿಂದಿರುಗುತ್ತದೆ. ಎರಡರ ಒಳಗಿದ್ದರೆ ನೆಮ್ಮದಿಯಾಗಿ ಮಾತಾಡಬಹುದು. ಮೂರು ಮುಟ್ಟಿದರೆ ರಿಗ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸಿಕೊಳ್ಳುತ್ತದೆ. ಆ ಏರ್ಪಾಡಿಲ್ಲದ ಹಳೆಯ ಸೆಟ್ಟಾದರೆ ಅದರ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡುವ ಭಯವಿದೆ.

ಒಂದು ಉದಾಹರಣೆ ನೋಡೋಣ. ತೋಳುಗಳನ್ನು 10.40 ಮೀಟರ್ ಇಟ್ಟು ಅಳೆದಾಗ ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಬಂದದ್ದು 6.88 ಮೆಗಾಹರ್ಟ್ಸ್‌ನಲ್ಲಿ ಎಂದುಕೊಳ್ಳಿ. ಫ್ರೀಕ್ವೆನ್ಸಿ ಕೆಳಗಿದೆ, ಅಂದರೆ ತಂತಿ ಉದ್ದವಾಗಿದೆ. ನಮಗೆ ಬೇಕಾದದ್ದು 7.1. ಆಗ 10.40ನ್ನು 6.88ರಿಂದ ಗುಣಿಸಿ 7.1ರಿಂದ ಭಾಗಿಸಬೇಕು. ಉತ್ತರ 10.08. ಒಂದೊಂದು ತೋಳಿನಿಂದಲೂ 32 ಸೆಂಟಿಮೀಟರ್ ತೆಗೆಯಬೇಕು. ಒಮ್ಮೆಗೇ ತೆಗೆಯದೆ 25 ಸೆಂಟಿಮೀಟರ್ ತೆಗೆದು ಮತ್ತೆ ಅಳೆಯುವುದು ಜಾಣತನ. ಹೈಸ್ಕೂಲಿನ ವಿಲೋಮ ಅನುಪಾತದ ಲೆಕ್ಕ ಇಲ್ಲಿ ಕತ್ತರಿ ಹಿಡಿದು ಕೆಲಸ ಮಾಡುತ್ತದೆ. ಗಣಿತ ಬೇಸರ ಎನ್ನುವ ಮಕ್ಕಳಿಗೆ ಇದನ್ನೊಮ್ಮೆ ಮಾಡಿಸಿ ನೋಡಬೇಕು.

ಎತ್ತರ ಎಷ್ಟಿರಬೇಕು?

ಆಂಟೆನಾ ಎತ್ತರವಿದ್ದಷ್ಟೂ ಒಳ್ಳೆಯದು ಎಂಬ ಮಾತು ಅರ್ಧ ಸತ್ಯ. ಅಮೆರಿಕ, ಯೂರೋಪ್ ಮುಟ್ಟಬೇಕೆಂದರೆ ಡೈಪೋಲ್ ಅರ್ಧ ಅಲೆಯಷ್ಟು, ಅಂದರೆ 40 ಮೀಟರ್ ಬ್ಯಾಂಡಿಗೆ 20 ಮೀಟರ್ ಎತ್ತರ ಬೇಕು. ಆಗ ಅಲೆ ದಿಗಂತದ ಕಡೆಗೆ ಓರೆಯಾಗಿ ಹೊರಟು ಬಹುದೂರದಲ್ಲಿ ಇಳಿಯುತ್ತದೆ. ಅದೇ ಡೈಪೋಲನ್ನು ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆ ಬಹುಪಾಲು ನೆಟ್ಟಗೆ ಮೇಲಕ್ಕೆ ಹೋಗಿ, 250ರಿಂದ 300 ಕಿಲೋಮೀಟರ್ ಎತ್ತರದ ಅಯಾನುಗೋಳದ ಎಫ್ ಪದರದಿಂದ ಮಳೆಯ ಧಾರೆಯಂತೆ ಸುತ್ತಲೂ ಇಳಿಯುತ್ತದೆ. ಮೂರು ನಾಲ್ಕು ನೂರು ಕಿಲೋಮೀಟರ್ ದೂರದೊಳಗೆ ಎಲ್ಲಿಯೂ ಖಾಲಿ ಜಾಗ ಉಳಿಯುವುದಿಲ್ಲ. ಹಗಲು 40 ಮೀಟರ್ ಬ್ಯಾಂಡ್, ರಾತ್ರಿ 80 ಮೀಟರ್ ಬ್ಯಾಂಡ್ ಇದಕ್ಕೆ ಹೊಂದುತ್ತವೆ.

ನಮ್ಮ ಸೀಮೆಗೆ ಇದು ಬಹಳ ಮುಖ್ಯ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರು ಸೀಮೆ ನೀರು ಕಂಡಿತು. ಮಡಿಕೇರಿಯ ಗುಡ್ಡಸಾಲು ವಾಕಿಟಾಕಿಯ ಅಲೆಯನ್ನು ತಡೆಯುತ್ತದೆ, ಮೇಲಿನಿಂದ ಇಳಿಯುವ ಅಲೆಗೆ ಗುಡ್ಡ ಅಡ್ಡಬರುವುದಿಲ್ಲ. ಮನೆಯ ಸೂರಿನೆತ್ತರದ ಒಂದು ತಂತಿ ಸಾಲಿಗ್ರಾಮವನ್ನು ಕೊಡಗಿನ ಕಣಿವೆಗೂ ಬೆಂಗಳೂರಿನ ಕಚೇರಿಗೂ ಏಕಕಾಲಕ್ಕೆ ಜೋಡಿಸಬಲ್ಲದು.

144ರಿಂದ 146 ಮೆಗಾಹರ್ಟ್ಸ್‌ನ ಎರಡು ಮೀಟರ್ ಬ್ಯಾಂಡಿನಲ್ಲಿ ಲೆಕ್ಕ ಬೇರೆ. ಅಲ್ಲಿ ಅಲೆ ಸಾಮಾನ್ಯವಾಗಿ ಕಣ್ಣೋಟದ ದಾರಿಯಲ್ಲಿ ಹೋಗುತ್ತದೆ, ಎತ್ತರವೇ ಬಂಡವಾಳ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. ಹತ್ತು ಮೀಟರ್ ಕಂಬಕ್ಕೆ 13 ಕಿಲೋಮೀಟರ್. ಸುತ್ತಲ ಬಯಲಿಗಿಂತ 300 ಮೀಟರ್ ಮೇಲಿರುವ ಬೆಟ್ಟದ ತಲೆಗೆ 71 ಕಿಲೋಮೀಟರ್. ಎರಡನ್ನೂ ಕೂಡಿದರೆ 84. ಹಳ್ಳಿಯ ಹತ್ತು ಮೀಟರ್ ಕಂಬ ಅಷ್ಟು ದೂರದ ಬೆಟ್ಟದ ಜೊತೆ ಮಾತಾಡಬಲ್ಲದು. ಹವ್ಯಾಸಿಗಳು ರಿಪೀಟರ್‌ಗಳನ್ನು ಬೆಟ್ಟದ ಮೇಲೆ ಇಡುವುದು ಇದಕ್ಕೇ. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ, 600 ಕಿಲೋಹರ್ಟ್ಸ್ ಆಚೆಗಿನ ಇನ್ನೊಂದರಲ್ಲಿ ಅದನ್ನೇ ಮರುಪ್ರಸಾರ ಮಾಡುತ್ತದೆ.

ಈ ಬ್ಯಾಂಡಿನ ಆಂಟೆನಾ ಇನ್ನೂ ಚಿಕ್ಕದು. 49 ಸೆಂಟಿಮೀಟರಿನ ಒಂದು ಹಿತ್ತಾಳೆ ಸರಳು ನೆಟ್ಟಗೆ, ಅದರ ಬುಡದಿಂದ ಕೊಡೆಯ ಕಡ್ಡಿಗಳ ರೀತಿ ಇಳಿಬಿಟ್ಟ ನಾಲ್ಕು ಸರಳು, ಇಷ್ಟೇ ಗ್ರೌಂಡ್ ಪ್ಲೇನ್. ಕೇಬಲ್ ಮಾತ್ರ ಚಿಕ್ಕದಿರಲಿ, ದಪ್ಪದಿರಲಿ. ತೆಳು ಆರ್‌ಜಿ-58 ಕೇಬಲ್ 30 ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಶಕ್ತಿ ಕೇಬಲ್ಲಿನಲ್ಲೇ ಕರಗುತ್ತದೆ. ಒಂದೇ ದಿಕ್ಕಿಗೆ ಗುರಿಯಿಡಬೇಕಾದರೆ ಯಾಗಿ ಆಂಟೆನಾ ಇದೆ. 1926ರಲ್ಲಿ ಜಪಾನಿನ ಉದಾ ಮತ್ತು ಯಾಗಿ ರೂಪಿಸಿದ ಆ ವಿನ್ಯಾಸವನ್ನು ದೂರದರ್ಶನದ ಕಾಲದಲ್ಲಿ ನಮ್ಮ ಊರಿನ ಪ್ರತಿ ಹೆಂಚಿನ ಮನೆಯ ಮೇಲೂ ನೋಡಿದ್ದೇವೆ. ಒಬ್ಬರು ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ “ಬಂತು, ಬಂತು, ಅಲ್ಲೇ ಇರಲಿ” ಎಂದು ಕೂಗುವುದು, ಅದೆಲ್ಲ ದಿಕ್ಕು ಹಿಡಿಯುವ ಪಾಠವೇ ಆಗಿತ್ತು.

ಸಿಡಿಲು ಮತ್ತು ವಿದ್ಯುತ್ ಲೈನ್

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿ ಇದೆ. ಬಯಲಿನ ನಡುವೆ ಎತ್ತರಕ್ಕೆ ಎದ್ದು ನಿಂತದ್ದನ್ನು ಸಿಡಿಲು ಹುಡುಕಿಕೊಂಡು ಬರುತ್ತದೆ ಎಂಬ ಅರಿವು ಈ ಸೀಮೆಗೆ ಹಳೆಯದು. ಆಂಟೆನಾ ಕಟ್ಟುವವರು ಅದನ್ನು ಮರೆಯಬಾರದು. ಮೋಡ ಕವಿಯುವ ಮೊದಲೇ ಕೇಬಲ್ಲನ್ನು ರಿಗ್ಗಿನಿಂದ ಬಿಡಿಸಿ ಮನೆಯ ಹೊರಗಿಡಬೇಕು. ಲೋಹದ ಕಂಬವಿದ್ದರೆ ಅದಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿ ತೋಡಬೇಕು. ಗುಡುಗು ಕೇಳಿಸುವಾಗ ಮೈಕ್ ಹಿಡಿಯಲೇಬಾರದು.

ಸಿಡಿಲಿಗಿಂತ ಹತ್ತಿರದ ಅಪಾಯ ವಿದ್ಯುತ್ ಲೈನ್. ಪಂಪ್‌ಸೆಟ್ಟಿಗೆ ಹೋಗುವ ತಂತಿಗಳು ತೋಟದ ನಡುವೆಯೇ ಹಾದಿರುತ್ತವೆ. ಆಂಟೆನಾ ಕಳಚಿ ಬಿದ್ದರೂ ಲೈನ್ ಮುಟ್ಟದಷ್ಟು ದೂರದಲ್ಲಿ ಕಟ್ಟಬೇಕು. ಲೈನಿನ ಮೇಲೆ ಅಥವಾ ಕೆಳಗೆ ತಂತಿ ದಾಟಿಸಲೇ ಕೂಡದು. ಡೈಪೋಲಿನ ತುದಿಗಳಲ್ಲಿ ಮಾತಾಡುವಾಗ ಹೆಚ್ಚು ವೋಲ್ಟೇಜ್ ಇರುತ್ತದೆ, ಮಕ್ಕಳಿಗೂ ದನಗಳಿಗೂ ಎಟುಕದಂತೆ ಮೂರು ಮೀಟರಿಗಿಂತ ಮೇಲೆ ಕಟ್ಟಬೇಕು.

ಲೈಸೆನ್ಸ್ ಇಲ್ಲದೆ ಗುಂಡಿ ಒತ್ತಬೇಡಿ

ಮಾತಾಡಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕೇ ಬೇಕು. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗ ಇದನ್ನು ನೋಡಿಕೊಳ್ಳುತ್ತದೆ, ಅರ್ಜಿ ‘ಸರಳ್ ಸಂಚಾರ್’ ಜಾಲತಾಣದಲ್ಲಿ. ರಿಸ್ಟ್ರಿಕ್ಟೆಡ್ ದರ್ಜೆಗೆ ವಿದ್ಯುತ್ತು, ರೇಡಿಯೊದ ಮೂಲಪಾಠ ಮತ್ತು ನಿಯಮಗಳ ಲಿಖಿತ ಪರೀಕ್ಷೆ. ಹೆಚ್ಚು ಶಕ್ತಿಯಲ್ಲಿ ಮಾತಾಡಲು ಅವಕಾಶವಿರುವ ಜನರಲ್ ದರ್ಜೆಗೆ ಮೋರ್ಸ್ ಕೂಡ ಇದೆ. ತೇರ್ಗಡೆಯಾಗಿ ಲೈಸೆನ್ಸ್ ಪಡೆದವರಿಗೆ ‘ವಿಯು’ನಿಂದ ಶುರುವಾಗುವ ಕಾಲ್‌ಸೈನ್ ಸಿಗುತ್ತದೆ. ಜಗತ್ತಿನಲ್ಲಿ ಅದು ಇನ್ನೊಬ್ಬರಿಗೆ ಇರುವುದಿಲ್ಲ.

ಲೈಸೆನ್ಸ್ ಬೇಕಾದ ವಾಕಿಟಾಕಿಯನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿ, ಲೈಸೆನ್ಸ್ ಇಲ್ಲದೆ ಮಾತಾಡುವುದು ಅಪರಾಧ. ಪೊಲೀಸ್, ಅರಣ್ಯ, ವಿಮಾನಯಾನದ ಸಂಪರ್ಕಕ್ಕೆ ಅದರಿಂದ ಧಕ್ಕೆಯಾಗಬಹುದು. ಇಂಥ ಸೆಟ್ಟುಗಳ ಅಕ್ರಮ ಮಾರಾಟ ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಮಳಿಗೆಗಳಿಗೆ ಮಾರ್ಗಸೂಚಿಯನ್ನೇ ಹೊರಡಿಸಿದೆ.

ಹೊಸ ರಿಗ್ ದುಬಾರಿ ಎಂಬುದು ನಿಜ. ಆದರೆ ದಾರಿ ಅಲ್ಲಿಗೆ ಮುಚ್ಚಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ‘ಬಿಟ್‌ಎಕ್ಸ್’ ಎಂಬ ಸೆಟ್ಟನ್ನು ಊರಿನ ರಿಪೇರಿ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದು. ಅದನ್ನು ನೋಡಿ ಜಗತ್ತಿನ ಸಾವಿರಾರು ಹವ್ಯಾಸಿಗಳು ಸ್ವಂತ ಸೆಟ್ ಕಟ್ಟಿಕೊಂಡರು.

ಶಾಲೆಗೊಂದು ತಂತಿ

ಸರಗೂರಿನ ‘ಜನಧ್ವನಿ’ 90.8 ಸಮುದಾಯ ಬಾನುಲಿ ಎಚ್.ಡಿ. ಕೋಟೆ ಸೀಮೆಯ ಜನರ ಕೈಗೆ ಮೈಕ್ ಕೊಟ್ಟಿದೆ. ರೇಡಿಯೊ ನಮ್ಮದೂ ಹೌದು ಎಂಬ ಧೈರ್ಯ ಅಲ್ಲಿ ಬಂದಿದೆ. ಮುಂದಿನ ಹೆಜ್ಜೆ ನಮ್ಮ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಆಗಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ಹವ್ಯಾಸಿ ರೇಡಿಯೊದಲ್ಲಿ ಶಾಲಾಮಕ್ಕಳ ಜೊತೆ ಮಾತಾಡುವುದು 145.800 ಮೆಗಾಹರ್ಟ್ಸ್‌ನಲ್ಲಿ. 2025ರ ಜುಲೈನಲ್ಲಿ ಅಲ್ಲಿಂದ ಶುಭಾಂಶು ಶುಕ್ಲಾ ನಮ್ಮ ದೇಶದ ವಿದ್ಯಾರ್ಥಿಗಳೊಂದಿಗೆ ಮಾತಾಡಿದ್ದೂ ಹ್ಯಾಮ್ ರೇಡಿಯೊದಲ್ಲೇ. ಮೇಲೆ ಹೇಳಿದ 49 ಸೆಂಟಿಮೀಟರಿನ ಸರಳನ್ನು ಆ ಬ್ಯಾಂಡ್ ಹಿಡಿಯುವ ರಿಸೀವರಿಗೆ ಜೋಡಿಸಿದರೆ, ನಿಲ್ದಾಣ ನಮ್ಮ ತಲೆಯ ಮೇಲೆ ಹಾದುಹೋಗುವ ಹತ್ತು ನಿಮಿಷ ಅಂಥ ದನಿ ನಮ್ಮ ಶಾಲೆಯ ಅಂಗಳದಲ್ಲೂ ಕೇಳೀತು. ರಿಸೀವರ್ ಇಲ್ಲದವರು ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಎಂಬ ಆನ್‌ಲೈನ್ ರಿಸೀವರಿನಲ್ಲಿ ಹ್ಯಾಮ್‌ಗಳ ಮಾತನ್ನು ಮೊಬೈಲಿನಿಂದಲೇ ಕೇಳಿ ಕಿವಿ ಪಳಗಿಸಿಕೊಳ್ಳಬಹುದು.

ವಿಜ್ಞಾನ ಮೇಷ್ಟರು, ಟೀಚರುಗಳಲ್ಲಿ ಒಂದು ಮನವಿ. ಈ ವರ್ಷ ನಿಮ್ಮ ವಿಜ್ಞಾನ ಸಂಘದ ಕಾರ್ಯಕ್ರಮದಲ್ಲಿ ಒಂದು ಡೈಪೋಲ್ ಸೇರಿಸಿ. ಹುಡುಗಿಯರೂ ಹುಡುಗರೂ ಸೇರಿ ಅಳೆಯಲಿ, ಕತ್ತರಿಸಲಿ, ಮತ್ತೆ ಅಳೆಯಲಿ. ಪರೀಕ್ಷೆಗೆ ಓದುವ ಸಾಮಗ್ರಿ ಬಹುಪಾಲು ಇಂಗ್ಲಿಷಿನಲ್ಲಿದೆ, ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಮೈಸೂರು, ಬೆಂಗಳೂರಿನ ಹ್ಯಾಮ್‌ಗಳಲ್ಲೂ ಒಂದು ಕೇಳಿಕೆ. ಶನಿವಾರ, ಭಾನುವಾರ ನಿಮ್ಮ ರಿಗ್ ಹೊತ್ತು ಹಳ್ಳಿಯ ಒಂದು ಶಾಲೆಗೆ ಬನ್ನಿ. ಪ್ರತಿ ತಾಲ್ಲೂಕಿನಲ್ಲಿ ಲೈಸೆನ್ಸ್ ಪಡೆದ ಐದು ಜನರಿದ್ದರೂ ಸಾಕು, ಮುಂದಿನ ಪ್ರವಾಹದಲ್ಲಿ ಟವರ್‌ಗಳು ಕೈಕೊಟ್ಟಾಗ ಈ ಸೀಮೆ ಮಾತು ಕಳೆದುಕೊಳ್ಳುವುದಿಲ್ಲ.